ಎಂಟೇ ಚಿಹ್ನೆಗಳ ಭಾಷೆ: ಕಂಪ್ಯೂಟರಿಗೆ ಎಷ್ಟು ಕಡಿಮೆ ಇದ್ದರೆ ಸಾಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಮಧ್ಯೆ ಬರುವ ಪ್ರೋಗ್ರಾಮ್ ಸಾಲುಗಳನ್ನು ಕಿವಿಯಲ್ಲಿ ಕೇಳುವುದಕ್ಕಿಂತ ಕಣ್ಣಲ್ಲಿ ನೋಡುವುದು ಸುಲಭ.)



ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮೊಬೈಲ್‌ನಲ್ಲಿ ಕನ್ನಡದ ಒಂದು ಚಿಹ್ನೆ ಟೈಪ್ ಮಾಡಿದ್ರೆ ಅದಕ್ಕೆ ಮೂರು ಬೈಟ್ ಜಾಗ ಬೇಕು. ಮೂಲಾಕ್ಷರ, ಗುಣಿತ, ಒತ್ತು ಕೊಡುವ ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಚಿಹ್ನೆ ಅಂತ ಲೆಕ್ಕ. ‘ಸ್ತ್ರೀ’ ಅನ್ನೋ ಒಂದೇ ಅಕ್ಷರಕ್ಕೆ ಆರು ಚಿಹ್ನೆ, ಅಂದ್ರೆ 18 ಬೈಟ್. ಹಾಗಾದ್ರೆ 240 ಬೈಟಿನಲ್ಲಿ ಎಷ್ಟು ಕನ್ನಡ ಹಿಡಿಸುತ್ತೆ? 80 ಚಿಹ್ನೆ. ಪತ್ರಿಕೆಯ ಒಂದು ತಲೆಬರಹ, ಅದರ ಕೆಳಗೆ ಅರ್ಧ ಸಾಲು. ಅಷ್ಟೇ.

1993ರಲ್ಲಿ ಸ್ವಿಟ್ಜರ್ಲೆಂಡಿನ ಉರ್ಬಾನ್ ಮ್ಯುಲರ್ ಎಂಬ ವಿದ್ಯಾರ್ಥಿ ಇಷ್ಟೇ ಇಷ್ಟು ಜಾಗದಲ್ಲಿ ಒಂದು ಕಂಪೈಲರನ್ನು ಕೂರಿಸಿದರು. ಕಂಪೈಲರ್ ಅಂದ್ರೆ ದುಭಾಷಿ ಇದ್ದ ಹಾಗೆ. ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯೋ ಭಾಷೆಗೆ ತಿರುಗಿಸಿ ಕೊಡುತ್ತೆ. ಇವತ್ತು ನಾವು ಬಳಸುವ ಕಂಪೈಲರ್‌ಗಳು ಕೋಟಿಗಟ್ಟಲೆ ಬೈಟ್ ತಿನ್ನುತ್ತವೆ. ಮ್ಯುಲರ್ ಅವರ ಮೊದಲ ಕಂಪೈಲರ್ 296 ಬೈಟ್ ಇತ್ತು. ಆಮೇಲೆ ಇನ್ನೂ ಹಿಂಡಿ 240ಕ್ಕೆ ಇಳಿಸಿದರು. ಅದು ಅರ್ಥಮಾಡಿಕೊಳ್ಳುತ್ತಿದ್ದ ಭಾಷೆಯಲ್ಲಿ ಇದ್ದದ್ದು ಎಂಟೇ ಎಂಟು ಆಜ್ಞೆಗಳು. ಒಂದೊಂದು ಆಜ್ಞೆಗೂ ಒಂದೊಂದೇ ಚಿಹ್ನೆ.

ಆ ಭಾಷೆಯ ಹೆಸರು ಬ್ರೈನ್‌ಫಕ್. ಹೆಸರಲ್ಲೇ ಒಂದು ಬೈಗುಳ ಇದೆ, ಮನೆಮಂದಿಯೆಲ್ಲ ಕೂತು ಕೇಳುವವರು ಕ್ಷಮಿಸಬೇಕು. ಇಡೀ ಜಗತ್ತಿನಲ್ಲಿ ಮುಜುಗರ ತಪ್ಪಿಸಲು ಬಿಎಫ್ ಅಂತ ಕರೀತಾರೆ, ನಾವೂ ಹಾಗೇ ಕರೆಯೋಣ. ಹುಡುಗಾಟದ ಹೆಸರು, ಹುಡುಗಾಟದ ಭಾಷೆ. ಆದರೆ ಅದರ ಹಿಂದಿರೋ ಪ್ರಶ್ನೆ ಹುಡುಗಾಟದ್ದಲ್ಲ. ಲೆಕ್ಕ ಮಾಡೋದು ಅಂದ್ರೆ ಏನು? ಅದಕ್ಕೆ ಕನಿಷ್ಠ ಎಷ್ಟು ಬೇಕು? ಈ ಪ್ರಶ್ನೆಯ ಕಥೆ ಶುರುವಾಗುವುದು ಕಂಪ್ಯೂಟರ್ ಹುಟ್ಟುವ ಮುಂಚೆ.

ಪಟ್ಟಿ ಮತ್ತು ಪೆನ್ಸಿಲ್

1928ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಮತ್ತು ಅವರ ಜೊತೆಗಾರರು ಒಂದು ಸವಾಲು ಇಟ್ಟರು. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ, ಅದನ್ನು ಸಾಧಿಸಲು ಸಾಧ್ಯವೋ ಇಲ್ಲವೋ ಅಂತ ಯಾಂತ್ರಿಕವಾಗಿ ತೀರ್ಮಾನಿಸುವ ಒಂದು ವಿಧಾನ ಇದೆಯೇ? ಉತ್ತರ ‘ಇದೆ’ ಅಂತಾದರೆ ವಿಧಾನ ತೋರಿಸಿಬಿಡಬಹುದು. ‘ಇಲ್ಲ’ ಅನ್ನೋಕೆ ಮಾತ್ರ ಮೊದಲು ‘ಯಾಂತ್ರಿಕ ವಿಧಾನ’ ಅಂದ್ರೆ ಏನು ಅಂತ ಖಚಿತವಾಗಿ ಹೇಳಬೇಕು. ಆಗ ಅದನ್ನು ಹೇಳೋದೇ ಕಷ್ಟವಾಗಿತ್ತು.

1936ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನ ಅಲನ್ ಟ್ಯೂರಿಂಗ್ ಒಂದು ಪ್ರಬಂಧ ಕಳಿಸಿದರು. ಆಗ ಅವರಿಗೆ 23 ವರ್ಷ. ಅವರು ಮಾಡಿದ್ದು ತುಂಬಾ ಸರಳ ಕೆಲಸ. ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಮಾಡ್ತಾ ಇರೋ ಒಬ್ಬ ಮನುಷ್ಯನನ್ನು ಕಲ್ಪಿಸಿಕೊಂಡರು. ಆತ ನಿಜಕ್ಕೂ ಏನು ಮಾಡ್ತಾನೆ? ಒಂದು ಚೌಕ ನೋಡ್ತಾನೆ, ಅಲ್ಲಿರೋ ಚಿಹ್ನೆ ಓದ್ತಾನೆ, ಬೇಕಾದ್ರೆ ಅಳಿಸಿ ಬೇರೆ ಬರೀತಾನೆ, ಪಕ್ಕದ ಚೌಕಕ್ಕೆ ಸರೀತಾನೆ. ‘ಮುಂದೇನು’ ಅನ್ನೋದನ್ನ ತಲೆಯಲ್ಲಿ ಇಟ್ಟುಕೊಂಡಿರ್ತಾನೆ. ಉಳಿದದ್ದೆಲ್ಲ ಇದರ ಪುನರಾವರ್ತನೆ. ಕಾಗದದ ಬದಲು ಎಂದೂ ಮುಗಿಯದ ಒಂದು ಪಟ್ಟಿ ಇಟ್ಟರೆ, ಅದೇ ಟ್ಯೂರಿಂಗ್ ಯಂತ್ರ.

ಇಷ್ಟರಲ್ಲೇ ಲೆಕ್ಕ ಹಾಕಲು ಸಾಧ್ಯವಿರುವ ಎಲ್ಲವನ್ನೂ ಲೆಕ್ಕ ಹಾಕಬಹುದು ಅಂತ ಅವರು ವಾದಿಸಿದರು. ಆ ಮಾತನ್ನು ಇವತ್ತಿನವರೆಗೆ ಯಾರೂ ಸುಳ್ಳು ಮಾಡಿಲ್ಲ. ನಿಮ್ಮ ಕೈಲಿರೋ ಫೋನು, ಬ್ಯಾಂಕಿನ ಸರ್ವರ್ರು, ಹವಾಮಾನ ಲೆಕ್ಕ ಹಾಕೋ ಸೂಪರ್‌ಕಂಪ್ಯೂಟರ್ರು, ಇವ್ಯಾವುವೂ ಆ ಪಟ್ಟಿಯ ಯಂತ್ರಕ್ಕೆ ತಾತ್ವಿಕವಾಗಿ ಆಗದ ಕೆಲಸ ಮಾಡಲ್ಲ. ಬೇಗ ಮಾಡ್ತವೆ, ಅಷ್ಟೇ ವ್ಯತ್ಯಾಸ.

ಬೋಮ್ ಅವರ ನಾಲ್ಕು ಚಿಹ್ನೆ

ಈಗ ಇಟಲಿಗೆ ಹೋಗೋಣ. ಕೊರಾಡೊ ಬೋಮ್ ಹುಟ್ಟಿದ್ದು ಮಿಲಾನ್‌ನಲ್ಲಿ, 1923ರಲ್ಲಿ. ಓದಿದ್ದು ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ. 1951ರ ತಮ್ಮ ಪ್ರಬಂಧದಲ್ಲಿ ಅವರು ಒಂದು ಪ್ರೋಗ್ರಾಮಿಂಗ್ ಭಾಷೆ ರೂಪಿಸಿ, ಅದರ ಕಂಪೈಲರನ್ನು ಅದೇ ಭಾಷೆಯಲ್ಲಿ ಬರೆದು ತೋರಿಸಿದರು. ತನ್ನನ್ನು ತಾನೇ ವಿವರಿಸಿಕೊಳ್ಳುವ ಭಾಷೆ ಅನ್ನಿ.

1964ರಲ್ಲಿ ಬೋಮ್ ಇನ್ನೊಂದು ಭಾಷೆ ಪ್ರಕಟಿಸಿದರು. ಹೆಸರು ಪಿ, ಮೇಲೆ ಎರಡು ಗೀಟು. ‘ಪಿ ಡಬಲ್ ಪ್ರೈಮ್’ ಅಂತಾರೆ. ಅದರಲ್ಲಿ ಇದ್ದದ್ದು ನಾಲ್ಕು ಚಿಹ್ನೆ. ಒಂದು, ಬಲಕ್ಕೆ ಸರಿ. ಎರಡು, ಈಗಿರುವ ಚೌಕದ ಬೆಲೆಯನ್ನು ಒಂದು ಹೆಚ್ಚಿಸಿ ಎಡಕ್ಕೆ ಸರಿ. ಮೂರು ಮತ್ತು ನಾಲ್ಕು, ಆವರಣದ ತೆರೆ ಮತ್ತು ಮುಚ್ಚು. ಚೌಕದಲ್ಲಿ ಖಾಲಿ ಅಲ್ಲದ ಏನಾದರೂ ಇರೋವರೆಗೆ ಆವರಣದೊಳಗಿನದ್ದನ್ನು ಮತ್ತೆ ಮತ್ತೆ ಮಾಡು.

ಎರಡನೇ ಚಿಹ್ನೆಯನ್ನ ಸ್ವಲ್ಪ ಗಮನಿಸಿ. ಎರಡು ಕೆಲಸವನ್ನು ಒಂದಕ್ಕೇ ಕಟ್ಟಿದ್ದಾರೆ. ‘ಸರಿಯದೆ ಹೆಚ್ಚಿಸಬೇಕು’ ಅಂದ್ರೆ ಏನು ಮಾಡೋದು? ಹೆಚ್ಚಿಸಿ ಎಡಕ್ಕೆ ಸರಿ, ಆಮೇಲೆ ಬಲಕ್ಕೆ ವಾಪಸ್ ಬಾ. ಆಯ್ತಲ್ಲ. ಈ ನಾಲ್ಕರಲ್ಲೇ ಟ್ಯೂರಿಂಗ್ ಯಂತ್ರ ಮಾಡೋದನ್ನೆಲ್ಲ ಮಾಡಬಹುದು ಅಂತ ಬೋಮ್ ಸಾಧಿಸಿದರು.

ಇದಕ್ಕೆ ಯಾಕೆ ಬೆಲೆ ಅಂತೀರಾ? ಆಗಿನ ಪ್ರೋಗ್ರಾಮ್‌ಗಳ ತುಂಬ ‘ಗೋಟು’ ಅನ್ನೋ ಆಜ್ಞೆ ಇರ್ತಿತ್ತು. ‘ಇಂಥ ಸಾಲಿಗೆ ಹಾರು’ ಅಂತ. ಹಾರಿ ಹಾರಿ ಕೊನೆಗೆ ಪ್ರೋಗ್ರಾಮ್ ಬರೆದವರಿಗೇ ಯಾವ ದಾರಿಯಲ್ಲಿ ಎಲ್ಲಿಗೆ ಬಂದ್ವಿ ಅಂತ ತಿಳೀತಿರಲಿಲ್ಲ. ಬೋಮ್ ಅವರ ಭಾಷೆಯಲ್ಲಿ ಹಾರುವ ಆಜ್ಞೆಯೇ ಇಲ್ಲ, ಇರೋದು ಆವರಣ ಮಾತ್ರ. 1966ರಲ್ಲಿ ಬೋಮ್ ಮತ್ತು ಜುಸೆಪ್ಪೆ ಯಾಕೊಪಿನಿ ಸೇರಿ ಬರೆದ ಪ್ರಬಂಧ ಇದನ್ನು ಇನ್ನಷ್ಟು ವಿಸ್ತರಿಸಿತು. ಎರಡು ವರ್ಷದ ನಂತರ, 1968ರಲ್ಲಿ, ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಗೋಟು ಅಪಾಯಕಾರಿ ಅಂತ ತಮ್ಮ ಪ್ರಸಿದ್ಧ ಪತ್ರ ಬರೆದಾಗ ಈ ಇಬ್ಬರ ಕೆಲಸವನ್ನು ನೆನೆದರು. ಇವತ್ತು ಕಾಲೇಜಿನಲ್ಲಿ ‘ಗೋಟು ಬಳಸಬೇಡಿ’ ಅಂತ ಹೇಳಿಕೊಡ್ತಾರಲ್ಲ, ಆ ಮಾತಿನ ಬೇರಿನ ಹತ್ತಿರ ನಾಲ್ಕು ಚಿಹ್ನೆಯ ಒಂದು ಪುಟ್ಟ ಭಾಷೆ ಇದೆ.

ತಮಾಷೆಯ ಕವಲು

ಅಷ್ಟೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಕವಲು ಒಡೆಯಿತು. 1972ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಡಾನ್ ವುಡ್ಸ್ ಮತ್ತು ಜೇಮ್ಸ್ ಲಯನ್, ‘ಇಂಟರ್‌ಕ್ಯಾಲ್’ ಎಂಬ ಭಾಷೆ ಮಾಡಿದರು. ಅದರ ಪೂರ್ಣ ಹೆಸರಿನ ಅರ್ಥ ‘ಉಚ್ಚರಿಸಬಹುದಾದ ಹ್ರಸ್ವರೂಪವೇ ಇಲ್ಲದ ಭಾಷೆ’ ಅಂತ. ಅದರ ಹ್ರಸ್ವರೂಪ ಇಂಟರ್‌ಕ್ಯಾಲ್! ಆಗಿನ ಗಂಭೀರ ಭಾಷೆಗಳನ್ನೆಲ್ಲ ಅಣಕಿಸೋದೇ ಉದ್ದೇಶ. ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ‘ಪ್ಲೀಸ್’ ಅಂತ ಬರೀಬೇಕು. ಕಡಿಮೆ ಬರೆದ್ರೆ ‘ನಿಮಗೆ ವಿನಯ ಇಲ್ಲ’ ಅಂತ ಕಂಪೈಲರ್ ವಾಪಸ್ ಕಳಿಸುತ್ತೆ. ಜಾಸ್ತಿ ಬರೆದ್ರೆ ‘ಅತಿವಿನಯ’ ಅಂತ ಅದಕ್ಕೂ ತಿರಸ್ಕಾರ.

ಕೆಲಸಕ್ಕೆ ಬರಲಿ ಅಂತಲ್ಲ, ಭಾಷೆ ಅಂದ್ರೆ ಏನು ಅಂತ ಕೆಣಕೋಕೆ ಮಾಡುವ ಇಂಥವನ್ನು ಎಸೊಟೆರಿಕ್ ಭಾಷೆಗಳು ಅಂತ ಕರೀತಾರೆ. ನಮ್ಮ ಬಾಯಲ್ಲಿ ಗೂಢ ಭಾಷೆಗಳು ಅನ್ನಬಹುದು. ಇಂಟರ್‌ಕ್ಯಾಲ್ ಆ ವಂಶದ ಹಿರಿಯಜ್ಜಿ. ಆದರೆ ಅದು ಕಡಿಮೆ ಮಾತಿನ ಭಾಷೆಯಲ್ಲ, ವಿಚಿತ್ರ ಮಾತಿನ ಭಾಷೆ. ಕಡಿಮೆ ಮಾತು ಮತ್ತು ತಮಾಷೆ ಎರಡೂ ಒಂದೇ ಕಡೆ ಸೇರಿದ್ದು 1993ರಲ್ಲಿ.

1993: ಅಮಿಗಾ ಹುಡುಗರು

ಆ ಕಾಲದ ಅಮಿಗಾ ಕಂಪ್ಯೂಟರನ್ನು ಯುರೋಪಿನ ಹುಡುಗರು ತುಂಬಾ ಹಚ್ಚಿಕೊಂಡಿದ್ದರು. ಅದರ ಒಂದು ಫ್ಲಾಪಿಯಲ್ಲಿ 880 ಕಿಲೋಬೈಟ್ ಹಿಡೀತಿತ್ತು. ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬರೋ ಎಷ್ಟೋ ‘ಶುಭೋದಯ’ದ ಚಿತ್ರಗಳು ಅದರಲ್ಲಿ ಹಿಡಿಸಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಅವರಿಗೆ ಗಾದೆಯಾಗಿರಲಿಲ್ಲ, ದಿನದ ಕೆಲಸವಾಗಿತ್ತು. ಒಂದು ಬೈಟ್ ಉಳಿಸಿದವನಿಗೆ ಗೆಳೆಯರ ನಡುವೆ ಮರ್ಯಾದೆ ಸಿಗ್ತಿತ್ತು.

ನೆದರ್‌ಲೆಂಡ್ಸ್‌ನ ವೌಟರ್ ವಾನ್ ಓರ್ಟ್‌ಮೆರ್ಸೆನ್ 1993ರಲ್ಲಿ ‘ಫಾಲ್ಸ್’ ಅನ್ನೋ ಭಾಷೆ ಬಿಡುಗಡೆ ಮಾಡಿದರು. ಸರಿ–ತಪ್ಪು ಎರಡರಲ್ಲಿ ತಪ್ಪು ಅನ್ನೋದೇ ತನಗೆ ಇಷ್ಟ ಅಂತ ಆ ಹೆಸರು. ಅದರ ಕಂಪೈಲರ್ 1,024 ಬೈಟ್. ಅದೇ ವರ್ಷ ಕ್ರಿಸ್ ಪ್ರೆಸ್ಸಿ ‘ಬೆಫಂಜ್’ ಮಾಡಿದರು. ಅಲ್ಲಿ ಪ್ರೋಗ್ರಾಮ್ ಸಾಲಾಗಿ ಓಡಲ್ಲ. 80 ಅಂಕಣ, 25 ಸಾಲಿನ ಚೌಕಟ್ಟಿನ ಮೇಲೆ ನಾಲ್ಕೂ ದಿಕ್ಕಿಗೆ ಓಡುತ್ತೆ. ಕಂಪೈಲರ್ ಬರೆಯೋರಿಗೆ ಆದಷ್ಟೂ ಕಷ್ಟ ಕೊಡಬೇಕು ಅನ್ನೋದೇ ಅದರ ಗುರಿ.

ಮ್ಯುಲರ್ ಕೂಡ ಅಮಿಗಾ ಬಳಗದವರೇ. ಅಮಿಗಾದ ಸಾಫ್ಟ್‌ವೇರ್‌ಗಳನ್ನೆಲ್ಲ ಒಂದು ಕಡೆ ಕೂಡಿಟ್ಟು ಹಂಚುವ ‘ಅಮಿನೆಟ್’ ಎಂಬ ಭಂಡಾರ ನಡೆಸುತ್ತಿದ್ದರು. ಫಾಲ್ಸ್ ಭಾಷೆಯ 1,024 ಬೈಟ್ ನೋಡಿದ ಅವರಿಗೆ ಅನ್ನಿಸಿದ್ದು: ಇನ್ನೂ ಸಣ್ಣದು ಮಾಡಬಹುದಾ? ಕಂಪೈಲರ್ ಸಣ್ಣದಾಗಬೇಕಾದ್ರೆ ಭಾಷೆ ಸಣ್ಣದಾಗಬೇಕು. ಏನೇನು ತೆಗೆದುಹಾಕಬಹುದು ಅಂತ ನೋಡ್ತಾ ಹೋದರೆ ಉಳಿದದ್ದು ಎಂಟು. ಅದನ್ನು ಅಮಿನೆಟ್‌ಗೆ ಹಾಕಿ, ಇದರಲ್ಲಿ ಏನಾದ್ರೂ ಉಪಯೋಗಕ್ಕೆ ಬರೋದನ್ನ ಬರೀತೀರಾ ನೋಡೋಣ ಅಂತ ನಗುತ್ತಾ ಸವಾಲು ಹಾಕಿದರು.

ಅಳಗುಳಿ ಮಣೆಯ ಲೆಕ್ಕ

ಆ ಎಂಟು ಯಾವುವು? ನಿಮ್ಮಲ್ಲಿ ಅಳಗುಳಿ ಮಣೆ ಆಡಿದವರು ಇರಬಹುದು. ಕರಾವಳಿ ಕಡೆಯವರು ಚೆನ್ನೆಮಣೆ ಅಂತೀರಿ. ಮಣೆಯಲ್ಲಿ 14 ಗುಳಿ ಇರುತ್ತೆ, ಒಂದೊಂದರಲ್ಲಿ ಹುಣಸೆ ಬೀಜ. ಈಗ ಒಂದೇ ಸಾಲಿನಲ್ಲಿ 30,000 ಗುಳಿ ಇರೋ ಮಣೆ ಊಹಿಸಿಕೊಳ್ಳಿ. ಮ್ಯುಲರ್ ಇಟ್ಟಿದ್ದು ಅಷ್ಟು. ಶುರುವಿನಲ್ಲಿ ಎಲ್ಲಾ ಖಾಲಿ. ಒಂದು ಗುಳಿಯಲ್ಲಿ ಹೆಚ್ಚೆಂದರೆ 255 ಬೀಜ. ನಿಮ್ಮ ಕೈ ಯಾವಾಗಲೂ ಒಂದು ಗುಳಿಯ ಮೇಲಿರುತ್ತೆ.

ಬಲಕ್ಕೆ ಮುಖ ಮಾಡಿದ ಬಾಣ ಬಂದರೆ ಕೈ ಬಲಗಡೆ ಗುಳಿಗೆ. ಎಡ ಬಾಣ ಬಂದರೆ ಎಡಕ್ಕೆ. ಕೂಡು ಚಿಹ್ನೆ ಬಂದರೆ ಒಂದು ಬೀಜ ಹಾಕಿ. ಕಳೆ ಚಿಹ್ನೆ ಬಂದರೆ ಒಂದು ತೆಗೀರಿ. ಚುಕ್ಕಿ ಬಂದರೆ ಗುಳಿಯಲ್ಲಿರೋ ಸಂಖ್ಯೆಗೆ ಸರಿಯಾದ ಅಕ್ಷರ ಮುದ್ರಿಸಿ. ಅಲ್ಪವಿರಾಮ ಬಂದರೆ ಹೊರಗಿಂದ ಒಂದು ಅಕ್ಷರ ಓದಿ ಗುಳಿಗೆ ಹಾಕಿ. ಆರಾಯ್ತು. ಉಳಿದೆರಡು ಚೌಕ ಆವರಣಗಳು. ತೆರೆಯೋ ಆವರಣ ಹೇಳೋದು: ಗುಳಿ ಖಾಲಿ ಇದ್ದರೆ ಜೋಡಿ ಆವರಣದ ಆಚೆಗೆ ಹೋಗು. ಮುಚ್ಚೋ ಆವರಣ ಹೇಳೋದು: ಗುಳಿ ಖಾಲಿ ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಮಾಡು.

ಮುಗೀತು. ಇಡೀ ಭಾಷೆ ಇಷ್ಟೇ. ಈ ಭಾಷೆ ಜಗತ್ತನ್ನು ಕೇಳಬಲ್ಲ ಪ್ರಶ್ನೆ ಒಂದೇ ಒಂದು: ಗುಳಿ ಖಾಲಿಯೋ ಅಲ್ಲವೋ?

ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65. ಅದನ್ನು ಮುದ್ರಿಸಲು 65 ಸಲ ಕೂಡು ಚಿಹ್ನೆ ಬರೆದು ಒಂದು ಚುಕ್ಕಿ ಇಡಬಹುದು. 66 ಚಿಹ್ನೆ ಆಯ್ತು. ಜಾಣತನ ಮಾಡಿದ್ರೆ ಹೀಗೆ:

++++++++[>++++++++<-]>+.

ಮೊದಲ ಗುಳಿಯಲ್ಲಿ ಎಂಟು ಬೀಜ. ಆವರಣದೊಳಗೆ ಪ್ರತಿ ಸುತ್ತಿನಲ್ಲೂ ಪಕ್ಕದ ಗುಳಿಗೆ ಎಂಟು ಹಾಕಿ, ವಾಪಸ್ ಬಂದು ಇಲ್ಲಿಂದ ಒಂದು ತೆಗೆ. ಎಂಟು ಸುತ್ತು ಮುಗಿದಾಗ ಪಕ್ಕದಲ್ಲಿ 64. ಇನ್ನೊಂದು ಸೇರಿಸಿದ್ರೆ 65. ಮುದ್ರಿಸು. ಒಟ್ಟು 24 ಚಿಹ್ನೆ. ಗುಣಾಕಾರದ ಆಜ್ಞೆ ಇಲ್ಲದ ಭಾಷೆಯಲ್ಲಿ ಗುಣಾಕಾರ ಮಾಡಿದ್ವಿ ನೋಡಿ.

ಸರಿ, ಕನ್ನಡದ ‘ಅ’ ಬರೀಬೇಕು ಅಂದ್ರೆ? ಯೂನಿಕೋಡ್‌ನಲ್ಲಿ ‘ಅ’ದ ಸಂಖ್ಯೆ 3205. ಗುಳಿಯಲ್ಲಿ ಹಿಡಿಯೋದು 255. ಹಾಗಾಗಿ ಅದನ್ನು ಮೂರು ಬೈಟಾಗಿ ಒಡೆದು ಕಳಿಸಬೇಕು: 224, 178, 133. ಹೆಚ್ಚಿನ ಬಿಎಫ್ ಆವೃತ್ತಿಗಳಲ್ಲಿ ಸೊನ್ನೆಯಿಂದ ಒಂದು ಕಳೆದರೆ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ 255ಕ್ಕೆ ಬರುತ್ತೆ. ಆದ್ದರಿಂದ 32 ಸಲ ಕಳೆದು ಮುದ್ರಿಸಿ, 46 ಸಲ ಕಳೆದು ಮುದ್ರಿಸಿ, 45 ಸಲ ಕಳೆದು ಮುದ್ರಿಸಿ. ಒಂದೇ ಗುಳಿ, 126 ಚಿಹ್ನೆ. ತೆರೆಯ ಮೇಲೆ ‘ಅ’ ಮೂಡುತ್ತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು ಅಂತ ಹುಟ್ಟಿದ ಪ್ರಪಂಚಕ್ಕೆ ನಾವು ತಡವಾಗಿ ಬಂದವರು ಅನ್ನೋದು ಈ ಎಂಟು ಚಿಹ್ನೆಯ ಆಟದಲ್ಲೂ ಗೊತ್ತಾಗುತ್ತೆ.

ಇನ್ನೊಂದು ಮಜಾ ಇದೆ. ಆ ಎಂಟನ್ನು ಬಿಟ್ಟು ಬೇರೆ ಯಾವ ಅಕ್ಷರ ಬಂದರೂ ಬಿಎಫ್ ಲಕ್ಷ್ಯ ಕೊಡಲ್ಲ, ದಾಟಿಕೊಂಡು ಹೋಗುತ್ತೆ. ಅಂದ್ರೆ ಪ್ರೋಗ್ರಾಮಿನ ಮಧ್ಯೆ ನೀವು ಕನ್ನಡದಲ್ಲಿ ಧಾರಾಳವಾಗಿ ಟಿಪ್ಪಣಿ ಬರೀಬಹುದು. ಒಂದೇ ಷರತ್ತು, ವಾಕ್ಯದ ಕೊನೆಗೆ ಪೂರ್ಣವಿರಾಮ ಹಾಕಬೇಡಿ, ನಡುವೆ ಅಲ್ಪವಿರಾಮನೂ ಹಾಕಬೇಡಿ. ಹಾಕಿದ್ರೆ ಅದು ಆಜ್ಞೆ ಅಂತ ಓಡಿಬಿಡುತ್ತೆ! ಇನ್ನು ‘ಇಫ್’, ‘ವೈಲ್’, ‘ಪ್ರಿಂಟ್’ ಅಂತ ಇಂಗ್ಲಿಷ್ ಪದವೇ ಇಲ್ಲದ ಭಾಷೆ ಇದು. ಇಂಗ್ಲಿಷ್ ಬಾರದ ಮಗುವಿಗೂ ಬರುವ ಮಗುವಿಗೂ ಇಲ್ಲಿ ಒಂದೇ ಮಟ್ಟದ ಕಷ್ಟ.

ಕಷ್ಟ ಎಲ್ಲಿಗೆ ಹೋಯ್ತು?

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಆಜ್ಞೆ ಕಡಿಮೆ ಮಾಡಿದ್ರೆ ಕಷ್ಟ ಕಡಿಮೆ ಆಗುತ್ತಾ?

ಒಂದು ಗುಳಿಯಲ್ಲಿರೋ ಐದು ಬೀಜವನ್ನು ಪಕ್ಕದ ಗುಳಿಗೆ ನಕಲು ಮಾಡ್ಬೇಕು ಅಂತಿಟ್ಕೊಳ್ಳಿ. ಬೇರೆ ಭಾಷೆಗಳಲ್ಲಿ ಒಂದೇ ಸಾಲು. ಇಲ್ಲಿ ಇರೋ ದಾರಿ ಒಂದೊಂದೇ ತೆಗೆದು ಆ ಕಡೆ ಹಾಕೋದು. ಹಾಕಿ ಮುಗಿಸೋ ಹೊತ್ತಿಗೆ ಮೂಲ ಗುಳಿ ಖಾಲಿ! ನಕಲು ಆಗಲಿಲ್ಲ, ಸಾಗಣೆ ಆಯ್ತು. ಆದ್ದರಿಂದ ಮೂರನೇ ಗುಳಿ ಬೇಕು. ಒಂದು ತೆಗೆದಾಗಲೆಲ್ಲ ಎರಡು ಕಡೆ ಒಂದೊಂದು ಹಾಕಬೇಕು, ಕೊನೆಗೆ ಮೂರನೆಯದನ್ನು ಮೊದಲನೆಯದಕ್ಕೆ ವಾಪಸ್ ಸಾಗಿಸಬೇಕು. ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅಂತ ನೋಡೋಕೂ ಹೀಗೇ ಒದ್ದಾಟ. ಕಂಪೈಲರ್ ಬರೆದವರ ತಲೆಯಿಂದ ಇಳಿದ ಭಾರ ಪ್ರೋಗ್ರಾಮ್ ಬರೆಯೋರ ತಲೆಗೆ ಬಂತು.

ಎಂಟಕ್ಕಿಂತ ಕಡಿಮೆ ಮಾಡಬಹುದಾ? ಮಾಡಬಹುದು. ಓದು–ಮುದ್ರಿಸು ಬಿಟ್ಟರೆ ಆರು. 255 ಸಲ ಕೂಡಿದ್ರೆ ಒಂದು ಕಳೆದಷ್ಟೇ ಆಗುತ್ತೆ, ಹಾಗಾಗಿ ಕಳೆ ಚಿಹ್ನೆಯೂ ಬೇಡ, ಐದು. ಸರಿಯೋದನ್ನೂ ಹೆಚ್ಚಿಸೋದನ್ನೂ ಒಟ್ಟಿಗೆ ಕಟ್ಟಿದ್ರೆ ನಾಲ್ಕು. ಎಲ್ಲಿಗೆ ಬಂದ್ವಿ ನೋಡಿ! 1964ರ ಬೋಮ್ ಅವರ ನಾಲ್ಕು ಚಿಹ್ನೆಗೆ. ಬಿಎಫ್ ಅನ್ನೋದು ಹತ್ತಿರ ಹತ್ತಿರ ಅದೇ ಭಾಷೆ, ಓದು–ಮುದ್ರಿಸು ಸೇರಿಸಿದ್ದು. ಮ್ಯುಲರ್ ಹೊರಟಿದ್ದು ಫಾಲ್ಸ್‌ನಿಂದ, ಬೈಟ್ ಉಳಿಸೋ ಹಟದಿಂದ. ಬೋಮ್ ಹೊರಟಿದ್ದು ತರ್ಕದಿಂದ. ತೆಗೆಯುತ್ತಾ ಹೋದರೆ ಇಬ್ಬರೂ ತಲುಪೋದು ಒಂದೇ ಮನೆ.

ಒಂದೇ ಆಜ್ಞೆಯ ಕಂಪ್ಯೂಟರ್ ಕೂಡ ಸಾಧ್ಯ. ‘ಇದರಿಂದ ಅದನ್ನು ಕಳೆ, ಉತ್ತರ ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಆದರೆ ಇಂಥ ಕಡೆ ಹೋಗು.’ ಇಷ್ಟೇ ಸಾಕು. ಆದರೆ ಪ್ರತಿ ಸಲವೂ ಯಾವುದರಿಂದ, ಯಾವುದನ್ನು, ಎಲ್ಲಿಗೆ ಅಂತ ಮೂರು ವಿಳಾಸ ಕೊಡಬೇಕು. ಆಜ್ಞೆಯ ಪಟ್ಟಿ ಸಣ್ಣದಾಯ್ತು, ವಿಳಾಸದ ಪಟ್ಟಿ ಬೆಳೀತು. ಕಷ್ಟ ಮಾಯವಾಗಲ್ಲ, ಮನೆ ಬದಲಾಯಿಸುತ್ತೆ ಅಷ್ಟೇ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅಲನ್ ಪರ್ಲಿಸ್ 1982ರಲ್ಲೇ ಇದಕ್ಕೆ ಟ್ಯೂರಿಂಗ್ ಡಾಂಬರು ಗುಂಡಿ ಅನ್ನೋ ಅರ್ಥದ ಹೆಸರು ಕೊಟ್ಟು ಎಚ್ಚರಿಸಿದ್ದರು. ಅಲ್ಲಿ ಎಲ್ಲವೂ ಸಾಧ್ಯ, ಆದರೆ ಮಾಡಬೇಕು ಅನಿಸುವಂಥದ್ದು ಯಾವುದೂ ಸುಲಭವಲ್ಲ. ಆ ಗುಂಡಿಯ ತಳ ನೋಡಬೇಕು ಅಂತ ಹೊರಟವರೂ ಇದ್ದಾರೆ. 1998ರಲ್ಲಿ ಬೆನ್ ಓಲ್ಮ್‌ಸ್ಟೆಡ್ ‘ಮಾಲ್ಬೋಲ್ಜ್’ ಮಾಡಿದರು. ಹೆಸರು ಬಂದಿದ್ದು ಡಾಂಟೆ ಬಣ್ಣಿಸಿದ ನರಕದ ಎಂಟನೇ ಸುತ್ತಿನಿಂದ. ಒಂದು ಆಜ್ಞೆ ಓಡಿದ ಮೇಲೆ ಆ ಆಜ್ಞೆ ತಾನೇ ಬೇರೆ ರೂಪಕ್ಕೆ ತಿರುಗುತ್ತೆ. ಅದರಲ್ಲಿ ‘ಹಲೋ ವರ್ಲ್ಡ್’ ಅಂತ ಮುದ್ರಿಸುವ ಮೊದಲ ಪ್ರೋಗ್ರಾಮ್ ಬಂದಿದ್ದು ಎರಡು ವರ್ಷ ಆದ ಮೇಲೆ. ಅದನ್ನೂ ಮನುಷ್ಯರು ಕೂತು ಬರೀಲಿಲ್ಲ, ಇನ್ನೊಂದು ಪ್ರೋಗ್ರಾಮ್ ಬಳಸಿ ಹುಡುಕಿ ತೆಗೆದರು. 2003ರ ಏಪ್ರಿಲ್ 1ರಂದು ಬಂದ ‘ವೈಟ್‌ಸ್ಪೇಸ್’ ಭಾಷೆಯಲ್ಲಂತೂ ಇರೋದು ಖಾಲಿ ಜಾಗ, ಟ್ಯಾಬ್, ಹೊಸ ಸಾಲು ಮಾತ್ರ. ಕಾಗದದ ಮೇಲೆ ಮುದ್ರಿಸಿದ್ರೆ ಬಿಳಿ ಹಾಳೆ!

ಸಣ್ಣದು ಅಂದ್ರೆ ತಿಳಿಯೋದು ಅಂತಲ್ಲ

‘ಇದೆಲ್ಲ ಕೆಲಸ ಇಲ್ಲದವರ ಕೆಲಸ’ ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಒಂದು ಮಾತು ತಲೆಯಿಂದ ಹೋಗಲಿಲ್ಲ.

ಯಾವುದಾದ್ರೂ ದೊಡ್ಡ ಸಾಫ್ಟ್‌ವೇರ್ ಕೈಕೊಟ್ಟಾಗ ನಾವು ‘ಅಷ್ಟು ದೊಡ್ಡದು, ಯಾರಿಗೆ ಪೂರ್ತಿ ಗೊತ್ತಿರುತ್ತೆ’ ಅಂತ ಸಮಾಧಾನ ಮಾಡ್ಕೋತೀವಿ. ಸಣ್ಣದಾಗಿದ್ರೆ ಪೂರ್ತಿ ತಿಳಿದುಕೊಳ್ಳಬಹುದಿತ್ತು ಅನ್ನೋ ನಂಬಿಕೆ ಅದರ ಹಿಂದಿದೆ. ಬಿಎಫ್ ಆ ನಂಬಿಕೆಯನ್ನು ಮುರಿಯುತ್ತೆ. ಎಂಟು ಆಜ್ಞೆ ಇಡೀ ಪಾಠ. ಅರ್ಧ ಗಂಟೆಯಲ್ಲಿ ಕಲೀಬಹುದು. ಹಾಗಿದ್ದೂ, ಪಟ್ಟಿಗೆ ಕೊನೆಯಿಲ್ಲ ಅಂತ ಇಟ್ಟುಕೊಂಡರೆ, ಯಾವುದೇ ಬಿಎಫ್ ಪ್ರೋಗ್ರಾಮ್ ಕೊಟ್ಟರೂ ‘ಇದು ಒಂದು ದಿನ ನಿಲ್ಲುತ್ತೆ’ ಅಥವಾ ‘ಎಂದೂ ನಿಲ್ಲಲ್ಲ’ ಅಂತ ತಪ್ಪದೆ ಹೇಳುವ ವಿಧಾನ ಇಲ್ಲ. ಇನ್ನೂ ಕಂಡುಹಿಡಿದಿಲ್ಲ ಅಂತಲ್ಲ, ಇರೋಕೇ ಸಾಧ್ಯವಿಲ್ಲ.

ಯಾಕೆ? ಅಂಥ ಭವಿಷ್ಯ ಹೇಳೋ ಪ್ರೋಗ್ರಾಮ್ ಒಂದಿದೆ ಅಂತಿಟ್ಕೊಳ್ಳಿ. ಅದನ್ನು ಒಳಗಿಟ್ಟುಕೊಂಡು ಒಬ್ಬ ಹಟಮಾರಿಯನ್ನು ತಯಾರು ಮಾಡೋಣ. ಅವನು ತನ್ನ ಬಗ್ಗೆಯೇ ಆ ಜ್ಯೋತಿಷಿಯನ್ನು ಕೇಳ್ತಾನೆ. ‘ನಿಲ್ಲುತ್ತೀಯ’ ಅಂದ್ರೆ ನಿಲ್ಲದೆ ಸುತ್ತುತ್ತಾ ಇರ್ತಾನೆ. ‘ನಿಲ್ಲಲ್ಲ’ ಅಂದ್ರೆ ತಕ್ಷಣ ನಿಂತುಬಿಡ್ತಾನೆ. ಜ್ಯೋತಿಷಿ ಏನು ಹೇಳಿದ್ರೂ ಸುಳ್ಳು. ಹಾಗಾಗಿ ತಪ್ಪದ ಜ್ಯೋತಿಷಿ ಇಲ್ಲ. ಟ್ಯೂರಿಂಗ್ 1936ರಲ್ಲಿ ಇದೇ ಜಾಡಿನ ವಾದದಿಂದ ಹಿಲ್ಬರ್ಟ್ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರಿಸಿದ್ದು.

ಇದು ಕಾಗದದ ಮೇಲಿನ ತರ್ಕ ಮಾತ್ರ ಅಂದುಕೊಳ್ಳಬೇಡಿ. 1962ರಲ್ಲಿ ಟಿಬೋರ್ ರಾಡೊ ಎಂಬ ಗಣಿತಜ್ಞ ಒಂದು ಆಟ ಹೂಡಿದರು. ಪುಟ್ಟ ಟ್ಯೂರಿಂಗ್ ಯಂತ್ರಗಳನ್ನು ಖಾಲಿ ಪಟ್ಟಿಯ ಮೇಲೆ ಬಿಡಿ. ಕೊನೆಗೆ ನಿಲ್ಲುವ ಯಂತ್ರಗಳಲ್ಲಿ ಅತಿ ಹೆಚ್ಚು ಹೆಜ್ಜೆ ಓಡಿದ್ದು ಯಾವುದು? ಎರಡೇ ಚಿಹ್ನೆ, ಎರಡು ಸ್ಥಿತಿಯ ಯಂತ್ರಗಳಲ್ಲಿ ಉತ್ತರ 6 ಹೆಜ್ಜೆ. ಮೂರು ಸ್ಥಿತಿಗೆ 21. ನಾಲ್ಕಕ್ಕೆ 107. ಐದಕ್ಕೆ? 1989ರಲ್ಲಿ 4,71,76,870 ಹೆಜ್ಜೆ ಓಡಿ ನಿಲ್ಲುವ ಒಂದು ಯಂತ್ರ ಸಿಕ್ಕಿತು. ಅದಕ್ಕಿಂತ ಹೆಚ್ಚು ಓಡಿ ನಿಲ್ಲೋದು ಇನ್ಯಾವುದೂ ಇಲ್ಲ ಅಂತ ಖಚಿತವಾಗಿದ್ದು 2024ರಲ್ಲಿ. ಅಂದ್ರೆ 35 ವರ್ಷ. ಅಂಥ ಯಂತ್ರಗಳು ಸುಮಾರು 16.7 ಲಕ್ಷ ಕೋಟಿ ಇವೆ. ಬೇರೆ ಬೇರೆ ದೇಶಗಳ ಉತ್ಸಾಹಿಗಳು ಇಂಟರ್ನೆಟ್ಟಿನಲ್ಲಿ ಒಟ್ಟುಗೂಡಿ, ನಿಲ್ಲದವು ಯಾಕೆ ನಿಲ್ಲಲ್ಲ ಅಂತ ಸಾಧಿಸಿ, ಆ ಸಾಧನೆಯನ್ನು ಕಂಪ್ಯೂಟರ್ ಕೈಯಲ್ಲೇ ಪರೀಕ್ಷೆ ಮಾಡಿಸಿದರು. ಯಂತ್ರದ ನಿಯಮವನ್ನು ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದು. ಅದನ್ನು ಅರ್ಥಮಾಡಿಕೊಳ್ಳೋಕೆ ಒಂದು ತಲೆಮಾರು ಬೇಕಾಯ್ತು.

ಬೀಜದಿಂದ ಬೀಜ

ಇದೇ 2024ರಲ್ಲಿ ಬಿಎಫ್ ಮತ್ತೊಂದು ಕಡೆ ಕಾಣಿಸಿಕೊಂಡಿತು. ಗೂಗಲ್‌ನ ಸಂಶೋಧಕರ ಒಂದು ತಂಡ ಬಿಎಫ್ ಭಾಷೆಯನ್ನು ಸ್ವಲ್ಪ ಬದಲಾಯಿಸಿ, ಪ್ರೋಗ್ರಾಮ್ ತನ್ನನ್ನು ತಾನೇ ತಿದ್ದಿಕೊಳ್ಳುವ ಹಾಗೆ ಮಾಡಿತು. ಪ್ರೋಗ್ರಾಮೂ ಅದೇ ಪಟ್ಟಿಯಲ್ಲಿ, ಲೆಕ್ಕವೂ ಅದೇ ಪಟ್ಟಿಯಲ್ಲಿ. 64 ಬೈಟಿನ ಸಾವಿರಾರು ತುಣುಕುಗಳಲ್ಲಿ ಅರ್ಥವಿಲ್ಲದ, ಸಿಕ್ಕಾಪಟ್ಟೆ ಚಿಹ್ನೆಗಳನ್ನು ತುಂಬಿದರು. ಆಮೇಲೆ ಎರಡೆರಡನ್ನು ಎತ್ತಿ ಜೋಡಿಸೋದು, ಓಡಿಸೋದು, ಮತ್ತೆ ಬಿಡಿಸಿ ರಾಶಿಗೆ ಹಾಕೋದು. ಇಷ್ಟೇ ಕೆಲಸ, ಲಕ್ಷಾಂತರ ಸಲ. ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಆರಿಸೋ ನಿಯಮವೇ ಇಟ್ಟಿರಲಿಲ್ಲ.

ಬಹಳ ಹೊತ್ತು ಏನೂ ಆಗಲ್ಲ. ಆಮೇಲೆ ಒಂದು ಹಂತದಲ್ಲಿ ತನ್ನನ್ನು ತಾನೇ ನಕಲು ಮಾಡುವ ಪ್ರೋಗ್ರಾಮ್ ಒಂದು ತಾನಾಗಿ ಹುಟ್ಟಿ, ನೋಡನೋಡುತ್ತಾ ಇಡೀ ರಾಶಿಯನ್ನು ಆಕ್ರಮಿಸುತ್ತೆ. ಯಾರೂ ಬರೆಯದ ಪ್ರೋಗ್ರಾಮ್ ಅದು. ಜೀವ ಅಂದ್ರೆ ಇದೇ ಅಂತ ನಾನು ಹೇಳ್ತಿಲ್ಲ. ಆದರೆ ತನ್ನ ಥರದ್ದೇ ಇನ್ನೊಂದನ್ನು ಮಾಡೋ ಶಕ್ತಿ ಹುಟ್ಟೋಕೆ ಎಷ್ಟು ಕಡಿಮೆ ಸಾಕು ಅನ್ನೋ ಪ್ರಶ್ನೆಗೆ ಇದು ಒಂದು ಸುಳಿವು. ಅಂಥ ಪ್ರಯೋಗಕ್ಕೆ ನಮ್ಮ ದಿನಬಳಕೆಯ ಭಾಷೆಗಳು ಒಗ್ಗಲ್ಲ. ಅಲ್ಲಿ ಒಂದು ಅಕ್ಷರ ತಪ್ಪಿದ್ರೆ ಇಡೀ ಪ್ರೋಗ್ರಾಮ್ ಕೆಟ್ಟುಹೋಗುತ್ತೆ. ಬಿಎಫ್‌ನಲ್ಲಿ ಆವರಣಗಳ ಜೋಡಿ ತಪ್ಪದಿದ್ರೆ ಎಂಥ ಅಸಂಬದ್ಧ ಸಾಲೂ ಒಂದು ಪ್ರೋಗ್ರಾಮೇ. 1993ರಲ್ಲಿ ಬೈಟ್ ಉಳಿಸೋಕೆ ಮಾಡಿದ ಗುಣ, 31 ವರ್ಷದ ಮೇಲೆ ಬೇರೆಯದೇ ಕೆಲಸಕ್ಕೆ ಬಂತು.

‘ಇದರಲ್ಲಿ ಉಪಯೋಗಕ್ಕೆ ಬರೋದನ್ನ ಬರೀತೀರಾ’ ಅಂತ ಮ್ಯುಲರ್ ಹಾಕಿದ್ದ ಸವಾಲಿಗೆ ಇದು ಒಂದು ಉತ್ತರ ಅನ್ನಬಹುದೇನೋ. ಇನ್ನೊಂದು ಉತ್ತರ ಇನ್ನೂ ಸರಳ. ಪ್ರಪಂಚದ ಎಷ್ಟೋ ವಿದ್ಯಾರ್ಥಿಗಳು ತಮ್ಮ ಜೀವನದ ಮೊದಲ ಕಂಪೈಲರ್ ಬರೆದದ್ದು ಈ ಭಾಷೆಗೆ. ಎಂಟೇ ಆಜ್ಞೆ ಆದ್ದರಿಂದ ಒಂದು ಸಂಜೆಯಲ್ಲಿ ಮುಗಿಯುತ್ತೆ. ಮುಗಿಸಿದ ಮೇಲೆ, ಕಂಪ್ಯೂಟರಿನ ಒಳಗೆ ಯಾವ ಮಾಟಮಂತ್ರವೂ ಇಲ್ಲ, ಸರಿಯೋದು, ಕೂಡೋದು, ಖಾಲಿಯೋ ಅಂತ ನೋಡೋದು, ಇಷ್ಟೇ ಇರೋದು ಅಂತ ಅವರಿಗೆ ಮನದಟ್ಟಾಗುತ್ತೆ.

ನಿಮಗೂ ನೋಡಬೇಕು ಅನ್ನಿಸಿದ್ರೆ ಕಂಪ್ಯೂಟರ್ರೂ ಬೇಡ. ಅಟ್ಟದ ಮೇಲೆ ಹಳೇ ಅಳಗುಳಿ ಮಣೆ ಇದ್ದರೆ ಇಳಿಸಿ. ಒಂದು ಗುಳಿಯಲ್ಲಿ ಮೂರು ಹುಣಸೆ ಬೀಜ, ಪಕ್ಕದ್ದರಲ್ಲಿ ನಾಲ್ಕು ಇಡಿ. ಮಕ್ಕಳನ್ನು ಕೂರಿಸಿಕೊಂಡು, ‘ಒಂದು ಸಲಕ್ಕೆ ಒಂದೇ ಬೀಜ ಮುಟ್ಟಬೇಕು, ಕೇಳಬಹುದಾದ ಪ್ರಶ್ನೆ ಗುಳಿ ಖಾಲಿಯೋ ಅನ್ನೋದು ಮಾತ್ರ, ಈಗ ಇವೆರಡನ್ನೂ ಗುಣಿಸಿ ತೋರಿಸಿ’ ಅಂತ ಹೇಳಿ. ಮೂರನೇ ಗುಳಿ ಸಾಕಾಗುತ್ತಾ, ನಾಲ್ಕನೆಯದೂ ಬೇಕಾ ಅನ್ನೋದನ್ನ ಅವರೇ ಕಂಡುಕೊಳ್ಳಲಿ. ಉತ್ತರ ನಾನು ಹೇಳಲ್ಲ.